ಅಡ್ಮಿನ್ನಿಗೂ ಅಪ್ಪಣೆ ಬೇಕಂತೆ!

ಈ ಐದು ಅನ್ನೋ ಅಂಕಿಗೆ ಎಂಥಾ ಗಟ್ಟಿ ಆಯುಸ್ಸು ನೋಡಿ. 1983ರಲ್ಲಿ ಡಾಸ್ 2.0 ಬಂತಲ್ಲ, ಆವಾಗಲೇ ತಪ್ಪುಗಳಿಗೆಲ್ಲ ನಂಬರು ಹಾಕಿ ಇಟ್ಟಿದ್ದರು. ಎರಡು ಅಂದರೆ ಫೈಲಿಲ್ಲ. ಮೂರು ಅಂದರೆ ದಾರಿಯೇ ಇಲ್ಲ. ಐದು ಅಂದರೆ, ಇದೆ, ಆದರೆ ನಿನಗಿಲ್ಲ! ಡಾಸ್ ಹೋಯಿತು, ಫ್ಲಾಪಿ ಹೋಯಿತು, ಡಿವಿಡಿಗಳೂ ಗಂಟುಮೂಟೆ ಕಟ್ಟಿದವು. ಐದು ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಟ್ಟಿಲ್ಲ. ಇವತ್ತು ವಿಂಡೋಸ್ 11ರ ಇಮೇಜು ಮಾಡೋಕೆ ಕೂತರೂ ಅದೇ ಐದು, ಮೈತುಂಬ ಸೊನ್ನೆ ಹೊದ್ದುಕೊಂಡು, 80070005 ಅಂತ ಎದುರಿಗೆ ಬಂದು ನಿಲ್ಲುತ್ತೆ. ಮೊದಲಿನ ಎಂಟು ಅಂದರೆ ಕೆಲಸ ಕೆಟ್ಟಿದೆ ಅಂತ. ನಡುವಿನ ಏಳು ಅಂದರೆ ಇದು ವಿಂಡೋಸಿನ ಹಳೇ ಪಟ್ಟಿಯ ತಪ್ಪು ಅಂತ. ಕೊನೆಯದು ನಮ್ಮ ಹಳೇ ಗಿರಾಕಿ. ಒಂದು ಅಂಕಿಗೆ ಇಷ್ಟು ವೇಷ ಯಾಕೆ ಬೇಕಿತ್ತೋ, ಅಲ್ವಾ?

ಇಮೇಜು ಮಾಡೋ ಕೆಲಸ ನಿಮಗೆ ಗೊತ್ತಿದ್ದದ್ದೇ. ಒಂದು ಮೆಷೀನನ್ನ ಅಚ್ಚುಕಟ್ಟಾಗಿ ಸಿದ್ಧ ಮಾಡೋದು. ಆಫೀಸು ಹಾಕಿ, ನುಡಿ ಹಾಕಿ, ಬರಹ ಹಾಕಿ, ಪ್ರಿಂಟರಿನ ಡ್ರೈವರು ಹಾಕಿ, ಅದನ್ನ ಇಡಿಯಾಗಿ ಒಂದು ವಿಮ್ ಫೈಲಿಗೆ ಇಳಿಸಿಕೊಂಡು, ಲ್ಯಾಬಿನ ಉಳಿದ ಮೆಷೀನುಗಳಿಗೆಲ್ಲ ಸುರಿಯೋದು. ಹೇಳೋಕೆ ಎಷ್ಟು ಸಲೀಸು! ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಕಾಲೇಜಿನ ಲ್ಯಾಬು ನೋಡಿಕೊಳ್ಳೋದು ಅವನೇ. ರಜೆ ಶುರುವಾಯಿತು ಅಂದರೆ ಮುಖ ಇಷ್ಟಗಲ ಮಾಡಿಕೊಂಡು ಈ ಕೆಲಸಕ್ಕೆ ಕೂರುತ್ತಾನೆ. ಸಂಜೆ ಹೊತ್ತಿಗೆ ಅದೇ ಮುಖ ಹರಳೆಣ್ಣೆ ಕುಡಿದಿರುತ್ತೆ. ‘ಅಂಕಲ್, ನಾನೇ ಅಡ್ಮಿನ್ನು. ನನಗೇ ಇಲ್ಲ ಅನ್ನುತ್ತಲ್ಲ, ಇನ್ನು ಯಾರಿಗಿದೆ?’ ಅಂತ ಕಾಂಪೌಂಡಿನ ಮೇಲೆ ಮೊಣಕೈ ಊರುತ್ತಾನೆ.

ಇವನ ಸಂಕಟವೆಲ್ಲ ಇರೋದು ಆ ಮಾತಿನಲ್ಲೇ ಕಣ್ರೀ. ಅಧಿಕಾರ ಅಂದರೆ ಸೇರು ಪಾವಿನಲ್ಲಿ ಅಳೆಯೋ ವಸ್ತು ಅಂದುಕೊಂಡಿದ್ದಾನೆ. ಸಾಲಲಿಲ್ಲ ಅಂದರೆ ಇನ್ನೊಂದಿಷ್ಟು ಸುರಿದರಾಯಿತು ಅಂತ. ಕಂಪ್ಯೂಟರಿಗೆ ಆ ಲೆಕ್ಕವೇ ಬೇಡ. ನಿನಗೆ ಎಷ್ಟಿದೆ ಅಂತ ಅದು ಯಾವತ್ತೂ ಕೇಳೋದಿಲ್ಲ. ಈಗ, ಈ ಗಳಿಗೆಯಲ್ಲಿ, ಯಾರ ಹೆಸರಿನಲ್ಲಿ ಬಂದಿದ್ದೀಯಪ್ಪಾ ಅಂತ ಕೇಳುತ್ತೆ. ನಾವು ಉತ್ತರ ಕೊಡೋದೇ ಇಲ್ಲ. ಬೈಕೊಂಡು ರೀಸ್ಟಾರ್ಟ್ ಮಾಡುತ್ತೀವಿ.

2007ರ ಜನವರಿಯಲ್ಲಿ ವಿಸ್ಟಾ ಅಂಗಡಿಗೆ ಬಂತಲ್ಲ, ಆವಾಗ ಈ ವಿಮ್ ಇಮೇಜು, ಮತ್ತೆ ‘ಹೌದಾ, ಇದನ್ನ ನೀವೇ ಮಾಡುತ್ತಿದ್ದೀರಾ?’ ಅಂತ ಪರದೆ ಕಪ್ಪಾಗಿಸಿ ಕೇಳೋ ಯುಎಸಿ, ಎರಡೂ ಒಟ್ಟಿಗೇ ಬಂದವು. ಅವತ್ತಿನಿಂದ ಅಡ್ಮಿನ್ ಅನ್ನಿಸಿಕೊಂಡವನು ಲಾಗಿನ್ ಆದ ತಕ್ಷಣ ಅವನಿಗೆ ಒಂದಲ್ಲ, ಎರಡು ಟೋಕನ್ ತಯಾರಾಗುತ್ತೆ. ಒಂದು ಪೂರಾ ಅಧಿಕಾರದ್ದು, ಅದು ಒಳಗಿರುತ್ತೆ. ಇನ್ನೊಂದು ಸಾಮಾನ್ಯರದ್ದು, ದಿನಬಳಕೆಗೆ. ನಾವು ಬೆಳಗಿನಿಂದ ಸಂಜೆಯವರೆಗೆ ಓಡಾಡೋದು ಈ ಎರಡನೆಯದರಲ್ಲಿ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಅಂತ ಒತ್ತಿ ಹೌದು ಅಂದಾಗ ಮಾತ್ರ ಮೊದಲನೆಯದು ಹೊರಗೆ ಬರೋದು.

ಇದನ್ನ ಆ ಹುಡುಗನಿಗೆ ತಿಳಿಸಿ ಹೇಳೋಕೆ ಹೋಗಿ ನನಗೆ ನಮ್ಮಜ್ಜಿ ನೆನಪಾದರು. ಬೆಳಗ್ಗೆ ಬಾವಿ ನೀರು ತಲೆಗೆ ಸುರಿದುಕೊಂಡು, ಗಳುವಿನ ಮೇಲೆ ಹರವಿದ್ದ ಸೀರೆಯನ್ನ ಕೋಲಿನಿಂದ ಇಳಿಸಿ ಉಟ್ಟರು ಅಂದರೆ ಮುಗೀತು. ಅಡುಗೆಮನೆ, ದೇವರಮನೆ ಎಲ್ಲ ಅವರದೇ ದರಬಾರು. ಹತ್ತಿರ ಹೋದರೆ ‘ಮುಟ್ಟಬೇಡ್ವೋ, ಮಡೀಲಿದೀನಿ!’ ಮಧ್ಯಾಹ್ನ ಊಟ ಆದಮೇಲೆ ಅದೇ ಅಜ್ಜಿ ಬೇರೆ ಸೀರೆ ಉಟ್ಟು ಜಗಲಿಗೆ ಬಂದು, ನಮ್ಮನ್ನ ತೊಡೆ ಮೇಲೆ ಎಳಕೊಂಡು ಕೂದಲಲ್ಲಿ ಬೆರಳಾಡಿಸೋರು. ಆ ಹೊತ್ತಿನಲ್ಲಿ ದೇವರಮನೆಯಿಂದ ಏನಾದರೂ ತಗೊಂಡು ಬನ್ನಿ ಅಂದರೆ, ಊಹೂಂ, ತಾವೇ ಒಳಗೆ ಕಾಲಿಡುತ್ತಿರಲಿಲ್ಲ. ಆಸಾಮಿ ಒಬ್ಬರೇ. ಅಜ್ಜಿಯ ಅಧಿಕಾರವೇನೂ ಕಮ್ಮಿಯಾಗಿರಲಿಲ್ಲ, ಮಡಿ ಇರಲಿಲ್ಲ ಅಷ್ಟೇ. ಅದಕ್ಕಿಂತ ಮಜಾ ಅಂದರೆ ಅವರ ಕನ್ನಡಕ. ರಾತ್ರಿ ಜಗಲಿಯಲ್ಲಿ ತಾವೇ ತೆಗೆದಿಟ್ಟಿದ್ದ ಕನ್ನಡಕವನ್ನ ಬೆಳಗ್ಗೆ ಮಡಿಯಲ್ಲಿದ್ದಾಗ ತಾವೇ ಮುಟ್ಟೋ ಹಾಗಿಲ್ಲ! ಕಣ್ಣು ಕಿರಿದು ಮಾಡಿಕೊಂಡು ಸಾರಿಗೆ ಸಾಸಿವೆ ಹುಡುಕೋರು. ನಮ್ಮಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಳ್ಳೋಳು.

ಆ ಕನ್ನಡಕದ ಕತೆ ಹೇಳಿದ್ದಕ್ಕೆ ಕಾರಣ ಇದೆ. ಇಮೇಜು ಇಡೋಕೆ ಸರ್ವರಿನ ಫೋಲ್ಡರನ್ನ ಜೆಡ್ ಡ್ರೈವ್ ಅಂತ ಮ್ಯಾಪ್ ಮಾಡಿಕೊಂಡಿರುತ್ತೀರಿ. ಎಕ್ಸ್‌ಪ್ಲೋರರಿನಲ್ಲಿ ಜೆಡ್ ಇದೆ, ಒಳಗೆ ಹೋದರೆ ಫೈಲುಗಳೂ ಇವೆ. ಆಮೇಲೆ ಇಮೇಜು ಇಳಿಸೋ ಡಿಸ್ಮ್ ಅನ್ನೋ ಕಮಾಂಡು ಓಡಿಸೋಕೆ ಅಂತ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆಗೆದರೆ ಜೆಡ್ಡೇ ಇಲ್ಲ! ಅದೇ ಮೆಷೀನು, ಅದೇ ಮನುಷ್ಯ, ಅದೇ ಪರದೆ. ಒಂದು ಕಿಟಕಿಯಲ್ಲಿ ಇದೆ, ಪಕ್ಕದ ಕಿಟಕಿಯಲ್ಲಿ ಇಲ್ಲ. ಡ್ರೈವ್ ಮ್ಯಾಪ್ ಆಗಿರೋದು ಸಾಮಾನ್ಯ ಟೋಕನ್ನಿನ ಲೆಕ್ಕಕ್ಕೆ, ಕೆಲಸ ಮಾಡುತ್ತಿರೋದು ಇನ್ನೊಂದು ಟೋಕನ್ನು. ಅಡ್ಮಿನ್ ಕಿಟಕಿಯೊಳಗೇ ಇನ್ನೊಂದು ಸಲ ‘ನೆಟ್ ಯೂಸ್’ ಹಾಕಿದರೆ ತಣ್ಣಗೆ ಬರುತ್ತೆ. ಇದು ದಿನಾ ಕಾಡೋರಿಗೆ ಅಂತಲೇ ರಿಜಿಸ್ಟ್ರಿಯಲ್ಲಿ ‘ಎನೇಬಲ್ ಲಿಂಕ್ಡ್ ಕನೆಕ್ಷನ್ಸ್’ ಅಂತ ಒಂದು ಸ್ವಿಚ್ಚು ಇದೆ. ಒಂದು ಅಂತ ಬರೆದು ರೀಸ್ಟಾರ್ಟ್ ಮಾಡಿದರೆ ಎರಡೂ ಕಡೆಗೆ ಡ್ರೈವ್ ಕಾಣುತ್ತೆ. ನಮ್ಮಜ್ಜಿಗೆ ಅಂಥ ಸ್ವಿಚ್ಚು ಯಾರೂ ಹೇಳಿಕೊಡಲಿಲ್ಲ ಪಾಪ.

ಡಿಸ್ಮ್ ಒಂದು ವಿಷಯದಲ್ಲಿ ಮರ್ಯಾದಸ್ಥ, ಒಪ್ಪಿಕೊಳ್ಳಬೇಕು. ಸಾಮಾನ್ಯ ಪ್ರಾಂಪ್ಟಿನಲ್ಲಿ ಕರೆದರೆ 740 ಅಂತ ನಂಬರು ಕೊಟ್ಟು, ‘ಎಲಿವೇಟೆಡ್ ಪ್ರಾಂಪ್ಟಿನಲ್ಲಿ ಬನ್ನಿ’ ಅಂತ ನೇರವಾಗಿ ಹೇಳುತ್ತೆ. ಅದರ ಪಕ್ಕದಲ್ಲೇ ಇರೋ ಕಾಪಿಪಿಇ ಇದೆ ನೋಡಿ, ಅದು ಅಷ್ಟು ಸರಳ ಅಲ್ಲ. ಎಡಿಕೆ ಅನ್ನೋ ಮೈಕ್ರೋಸಾಫ್ಟಿನ ಸಾಧನಗಳ ಗಂಟಿನ ಜೊತೆ ಬರೋ ‘ಡಿಪ್ಲಾಯ್‌ಮೆಂಟ್ ಆ್ಯಂಡ್ ಇಮೇಜಿಂಗ್ ಟೂಲ್ಸ್’ ಕಿಟಕಿ ಬಿಟ್ಟು ಬೇರೆ ಪ್ರಾಂಪ್ಟಿನಿಂದ ಅದನ್ನ ಓಡಿಸಿದರೆ, ‘ಎಎಮ್‌ಡಿ64 ಅನ್ನೋ ಪ್ರಾಸೆಸರ್ ಆರ್ಕಿಟೆಕ್ಚರ್ ಸಿಗಲಿಲ್ಲ’ ಅನ್ನುತ್ತೆ. ಎದುರಿಗೇ ಇಂಟೆಲ್ ಪ್ರಾಸೆಸರು ಗರಗರ ಅಂತಿದೆ, ಜನ ಗಾಬರಿಯಾಗಿ ಮೆಷೀನಿನ ಜಾತಕವನ್ನೇ ತೆಗೆಯುತ್ತಾರೆ. ಅಸಲಿಗೆ ವಿನ್‌ಪಿಇ ಅನ್ನೋ ಪುಟ್ಟ ವಿಂಡೋಸಿನ ಫೋಲ್ಡರು ಎಲ್ಲಿದೆ ಅಂತ ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ. ಅಥವಾ 1809ನೇ ಆವೃತ್ತಿಯಿಂದ ಈಚಿನ ಎಡಿಕೆಯಲ್ಲಿ ವಿನ್‌ಪಿಇ ಬೇರೆಯಾಗಿ ಇಳಿಸಿಕೊಳ್ಳಬೇಕು, ಅದನ್ನ ಇಳಿಸಿಕೊಂಡಿಲ್ಲ. ಅಪ್ಪಣೆಯ ತಕರಾರು ಅಂತ ಗಂಟೆಗಟ್ಟಲೆ ಜಗ್ಗಾಡಿದ ಎಷ್ಟೋ ಪ್ರಸಂಗಗಳು ಹೀಗೆ ದಾರಿಯ ತಕರಾರು ಆಗಿರುತ್ತವೆ.

ಇನ್ನೊಂದು ತಪ್ಪಿನ ನಂಬರು ಸಿ1510111. ಹೆಸರು ಕೇಳಿದರೆ ಲಾರಿಯ ನಂಬರು ಅನ್ನಿಸುತ್ತೆ. ಈ ಇಮೇಜನ್ನ ಮೌಂಟ್ ಮಾಡಿ ತಿದ್ದೋಕೆ ನಿಮಗೆ ಅನುಮತಿ ಇಲ್ಲ, ಬೇಕಾದರೆ ರೀಡ್ ಓನ್ಲಿ ಮಾಡಿ ನೋಡಿಕೊಳ್ಳಿ ಅನ್ನೋದು ಇದರ ಒಕ್ಕಣೆ. ಜನ ತಕ್ಷಣ ತಮ್ಮ ಅಕೌಂಟನ್ನ ಅನುಮಾನಿಸುತ್ತಾರೆ. ಅಯ್ಯೋ, ಐಎಸ್‌ಒ ಫೈಲನ್ನ ಡಬಲ್ ಕ್ಲಿಕ್ ಮಾಡಿ, ಅದರೊಳಗಿನ ಇನ್‌ಸ್ಟಾಲ್ ವಿಮ್ಮನ್ನ ಅಲ್ಲೇ ತಿದ್ದೋಕೆ ಹೊರಟರೆ ಆ ದೇವರೇ ಬಂದರೂ ಆಗೋದಿಲ್ಲ. ಐಎಸ್‌ಒ ಅಂದರೇ ಬರೆಯೋಕೆ ಬಾರದ್ದು. ಹಾರ್ಡ್ ಡಿಸ್ಕಿಗೆ ತಂದಿಟ್ಟುಕೊಂಡರೂ ಕೆಲವು ಸಲ, ರೋಬೋಕಾಪಿಯಿಂದ ತಂದಾಗಂತೂ, ಆ ರೀಡ್ ಓನ್ಲಿ ಗುರುತು ಜೊತೆಗೇ ಬಂದುಬಿಟ್ಟಿರುತ್ತೆ. ‘ಆಟ್ರಿಬ್ ಮೈನಸ್ ಆರ್’ ಅಂದರೆ ಹೋಯಿತು.

ಗುರುತು ಅಂದಕೂಡಲೇ ಆ ಫೋಲ್ಡರಿನ ಪೆಟ್ಟಿಗೆ ನೆನಪಾಗುತ್ತೆ. ಫೋಲ್ಡರಿನ ಪ್ರಾಪರ್ಟೀಸ್ ತೆಗೆದರೆ ರೀಡ್ ಓನ್ಲಿ ಎದುರಿಗೆ ಒಂದು ಪುಟ್ಟ ಚೌಕ ತುಂಬಿ ಕೂತಿರುತ್ತೆ ನೋಡಿದ್ದೀರಲ್ಲ? ತೆಗೀತೀರಿ, ಓಕೆ ಒತ್ತುತ್ತೀರಿ, ಇನ್ನೊಮ್ಮೆ ತೆಗೆದು ನೋಡಿದರೆ ಯಥಾಪ್ರಕಾರ ಅಲ್ಲೇ ಇದೆ. ಪಾಪ, ಎಷ್ಟು ಜನರ ಎಷ್ಟು ಮಧ್ಯಾಹ್ನಗಳನ್ನ ಆ ಚೌಕ ನುಂಗಿದೆಯೋ! ಅದಕ್ಕೂ ಫೋಲ್ಡರಿಗೆ ಬರೆಯೋಕೆ ಬಿಡೋದಕ್ಕೂ ಸಂಬಂಧವೇ ಇಲ್ಲ. ಒಳಗಿನ ಫೈಲುಗಳಿಗೆ ಮಾತ್ರ ಅನ್ವಯ ಅಂತ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಬರೆದಿದ್ದಾರೆ. ನಾವು ಸಣ್ಣಕ್ಷರ ಓದೋ ಜಾತಿಯೇ ಅಲ್ಲವಲ್ಲ. ಇನ್ನು ಕೆಲವರು ಇಮೇಜನ್ನ ಡೆಸ್ಕ್‌ಟಾಪಿನಲ್ಲೋ ಡಾಕ್ಯುಮೆಂಟ್ಸಿನಲ್ಲೋ ಉಳಿಸೋಕೆ ಹೋಗುತ್ತಾರೆ. 2017ರಲ್ಲಿ ಡಿಫೆಂಡರಿಗೆ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಅಂತ ಒಂದು ಕಾವಲು ಸೇರಿತು. ಯಾರೋ ಪುಣ್ಯಾತ್ಮರು ಅದನ್ನ ಆನ್ ಮಾಡಿಟ್ಟಿದ್ದರೆ, ಅಲ್ಲಿ ಎಂಥ ಅಡ್ಮಿನ್ನಿಗೂ ಐದೇ ಗತಿ. ಏಕೆಂದರೆ ಆ ಕಾವಲು ನಿಮ್ಮನ್ನ ನೋಡೋದಿಲ್ಲ, ನೀವು ಓಡಿಸುತ್ತಿರೋ ಪ್ರೋಗ್ರಾಮು ಯಾವುದು ಅಂತ ನೋಡುತ್ತೆ. ಸಿ ಡ್ರೈವಿನಲ್ಲೇ ಒಂದು ಸೀದಾಸಾದಾ ಫೋಲ್ಡರು ಮಾಡಿಕೊಂಡರೆ ಈ ರಗಳೆಯೇ ಇಲ್ಲ.

ಮೌಂಟ್ ಆಯಿತು, ಡ್ರೈವರು ಸೇರಿಸಿದ್ದೂ ಆಯಿತು, ಇನ್ನು ಕಮಿಟ್ ಅಂತ ಹೇಳಿ ಅನ್‌ಮೌಂಟ್ ಮಾಡಬೇಕು. ನೂರಕ್ಕೆ ನೂರು ತುಂಬಿ, ಕೊನೇ ಗಳಿಗೆಯಲ್ಲಿ ಸಿ1420117! ಯಾರೋ ಫೋಲ್ಡರನ್ನ ಹಿಡಿದುಕೊಂಡಿದ್ದಾರೆ, ಪೂರ್ತಿ ಬಿಡಿಸೋಕೆ ಆಗಲಿಲ್ಲ ಅಂತ. ಯಾರು ಆ ಯಾರೋ? ಒಂದೊಂದು ಸಲ ಆ್ಯಂಟಿವೈರಸ್ಸು, ಹೊಸ ಫೈಲುಗಳ ರಾಶಿ ಕಂಡ ಖುಷಿಗೆ ಒಂದೊಂದನ್ನೇ ಮೂಸುತ್ತಾ ಕೂತಿರುತ್ತೆ. ಒಂದೊಂದು ಸಲ ಹಿಂದೆ ಮರೆತ ಎಕ್ಸ್‌ಪ್ಲೋರರ್ ಕಿಟಕಿ. ಆದರೆ ಬಹಳ ಸಲ ಯಾರು ಗೊತ್ತಾ? ನೀವೇ! ಕಮಾಂಡ್ ಪ್ರಾಂಪ್ಟಿನಲ್ಲಿ ‘ಸಿಡಿ ಮೌಂಟ್’ ಅಂತ ಹೊಡೆದು ಅದೇ ಫೋಲ್ಡರಿನೊಳಗೆ ಬೀಡುಬಿಟ್ಟು, ಅಲ್ಲಿಂದಲೇ ‘ಇದನ್ನ ಕಳಚು’ ಅನ್ನುತ್ತಿರುತ್ತೀರಿ. ಹೊರಗೆ ಬಂದು, ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ, ಇನ್ನೊಮ್ಮೆ ಹೇಳಿದರೆ ಕಳಚಿಕೊಳ್ಳುತ್ತೆ. ಅಲ್ಲಿಗೂ ಹಟ ಮಾಡಿದರೆ ಯಾವ ಇಮೇಜು ಯಾವ ಸ್ಥಿತಿಯಲ್ಲಿದೆ ಅಂತ ಡಿಸ್ಮನ್ನೇ ಕೇಳಬಹುದು. ‘ನೀಡ್ಸ್ ರೀಮೌಂಟ್’ ಅಂದರೆ ರೀಮೌಂಟ್ ಮಾಡಿ. ಇಮೇಜು ಕೈಬಿಟ್ಟ ಹಾಗೇ ಅಂದರೆ ‘ಕ್ಲೀನಪ್ ಮೌಂಟ್‌ಪಾಯಿಂಟ್ಸ್’ ಅಂತ ಗುಡಿಸಿಬಿಡಿ.

ಗುಡಿಸೋದನ್ನ ಬಿಟ್ಟು ಆ ಫೋಲ್ಡರನ್ನ ಕೈಯಿಂದ ಡಿಲೀಟ್ ಮಾಡೋಕೆ ಹೋಗೋರೂ ಇದ್ದಾರೆ. ಆಗ ಪರದೆ ಮೇಲೆ ಒಬ್ಬ ಮಹನೀಯರ ಹೆಸರು ಬರುತ್ತೆ: ಟ್ರಸ್ಟೆಡ್ ಇನ್‌ಸ್ಟಾಲರ್. ಈ ಫೈಲಿಗೆ ಕೈಹಾಕಬೇಕಾದರೆ ಇವರ ಅಪ್ಪಣೆ ತಗೊಂಡು ಬನ್ನಿ ಅಂತ. ಮೆಷೀನು ನನ್ನದು, ದುಡ್ಡು ಕೊಟ್ಟವನು ನಾನು, ಈ ಇನ್‌ಸ್ಟಾಲರಪ್ಪ ಯಾವ ಊರಿನವನು? ಲಾಗಿನ್ ಪರದೆಯಲ್ಲಿ ಇವನ ಹೆಸರಿಲ್ಲ, ಯೂಸರುಗಳ ಪಟ್ಟಿಯಲ್ಲೂ ಇಲ್ಲ. ವಿಸ್ಟಾ ಕಾಲದಿಂದ ವಿಂಡೋಸಿನ ಸ್ವಂತ ಫೈಲುಗಳಿಗೆಲ್ಲ ಯಜಮಾನ ಇವನೇ. ಇವನು ಮನುಷ್ಯನ ಅಕೌಂಟೇ ಅಲ್ಲ, ಒಂದು ಸರ್ವಿಸು. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸರ್ವಿಸಿನ ಗುರುತಿನ ಸಂಖ್ಯೆ ಅದರ ಹೆಸರಿನಿಂದಲೇ ಲೆಕ್ಕ ಹಾಕಿ ಬರೋದು. ಹಾಗಾಗಿ ಜಗತ್ತಿನ ಎಲ್ಲ ವಿಂಡೋಸಿನಲ್ಲೂ ಟ್ರಸ್ಟೆಡ್ ಇನ್‌ಸ್ಟಾಲರಿನ ಸಂಖ್ಯೆ ಒಂದೇ. ಅಲ್ಲಿ ಮಲಗಿರೋ ಇಮೇಜಿನ ಫೈಲುಗಳ ಯಜಮಾನನನ್ನ ನಿಮ್ಮ ಮೆಷೀನು ನೋಡಿದ ಕೂಡಲೇ ‘ಓ ನೀವಾ!’ ಅಂತ ಗುರುತು ಹಿಡಿಯೋದು ಇದರಿಂದಲೇ. ಟೇಕ್‌ಓನ್, ಐಕ್ಯಾಕಲ್ಸ್ ಅಂತ ಎರಡು ಕಮಾಂಡು ಇವೆ, ಯಜಮಾನಿಕೆ ಕಿತ್ತುಕೊಳ್ಳಬಹುದು. ಬೇಡ ಅನ್ನೋದು ನನ್ನ ಸಲಹೆ. ವಿಮ್ ಫೈಲು ಬರೀ ಫೈಲುಗಳನ್ನ ಹೊತ್ತುಕೊಳ್ಳೋದಿಲ್ಲ, ಯಾವುದು ಯಾರದು ಅನ್ನೋ ಪಟ್ಟಿಯನ್ನೂ ಹೊತ್ತುಕೊಳ್ಳುತ್ತೆ. ನೀವು ಕಿತ್ತುಕೊಂಡು ಕಮಿಟ್ ಮಾಡಿದರೆ ಆ ರಾಜಕೀಯ ಲ್ಯಾಬಿನ ಎಲ್ಲ ಮೆಷೀನಿಗೂ ಹಬ್ಬುತ್ತೆ, ಬೇಕಾ?

ಇಷ್ಟು ಹೊತ್ತು ಮನೆಯೊಳಗಿನ ವಿಚಾರ ಆಯಿತು. ನೆಟ್‌ವರ್ಕಿಗೆ ಬಂದರೆ ಇನ್ನೂ ಸೊಗಸು. ಸರ್ವರಿನ ಶೇರಿಗೆ ಅನುಮತಿಯ ಎರಡು ಪಟ್ಟಿ: ಶೇರಿನದ್ದೊಂದು, ಎನ್‌ಟಿಎಫ್‌ಎಸ್ಸಿನದ್ದೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ಗೆಲ್ಲೋದು. ಹೊಸದಾಗಿ ಶೇರ್ ಮಾಡಿದಾಗ ಮಾಮೂಲಿಯಾಗಿ ಎಲ್ಲರಿಗೂ ಓದೋಕೆ ಮಾತ್ರ ಕೊಟ್ಟಿರುತ್ತೆ. ನೀವು ಎನ್‌ಟಿಎಫ್‌ಎಸ್ಸಿನಲ್ಲಿ ಫುಲ್ ಕಂಟ್ರೋಲ್ ಕೊಟ್ಟು ಎದೆ ಉಬ್ಬಿಸಿಕೊಂಡು ಬಂದರೂ, ಇಮೇಜು ಬರೆಯೋ ಹೊತ್ತಿಗೆ ಐದು ಹಾಜರು. ಇನ್ನು ಕೆಲಸವನ್ನ ರಾತ್ರಿಗೆ ಷೆಡ್ಯೂಲ್ ಮಾಡಿ, ಸಿಸ್ಟಮ್ ಅಕೌಂಟಿನಲ್ಲಿ ಓಡಿಸುತ್ತೀರಿ ಅಂದುಕೊಳ್ಳಿ. ಸಿಸ್ಟಮ್ ಅಂದರೆ ಆ ಮೆಷೀನಿನಲ್ಲಿ ಸರ್ವಾಧಿಕಾರಿ. ಹೊಸಿಲು ದಾಟಿ ನೆಟ್‌ವರ್ಕಿಗೆ ಇಳಿದರೆ? ಅವನಿಗೆ ಮೆಷೀನಿನ ಹೆಸರು, ಬಾಲಕ್ಕೆ ಒಂದು ಡಾಲರ್ ಗುರುತು. ಆ ಡಾಲರ್ ಬಾಲದವನಿಗೆ ಶೇರಿನಲ್ಲಿ ಯಾರೂ ಜಾಗ ಕೊಟ್ಟಿರೋದಿಲ್ಲ. ಮನೇಲಿ ಹುಲಿ, ಬೀದೀಲಿ ಇಲಿ!

ವಿನ್‌ಪಿಇ ಒಳಗಿಂದ ‘ನೆಟ್ ಯೂಸ್’ ಹಾಕೋವಾಗ 1219 ಅಂತ ಒಂದು ಬರುತ್ತೆ. ಒಂದೇ ಸರ್ವರಿಗೆ ಒಬ್ಬನೇ ಎರಡು ಹೆಸರಿನಲ್ಲಿ ಹೋಗೋ ಹಾಗಿಲ್ಲ ಅಂತ. ನ್ಯಾಯವೇ. ಮೊದಲಿನ ಸಂಪರ್ಕ ಕಡಿದು ಹೊಸದು ಮಾಡಬೇಕು. ಹಳೇ ಕೈಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಮೊದಲನೇ ಸಲ ಸರ್ವರಿನ ಹೆಸರು ಹೇಳೋದು, ಎರಡನೇ ಸಲ ಐಪಿ ಅಡ್ರೆಸ್ಸು ಹೇಳೋದು. ವಿಂಡೋಸಿಗೆ ಅವೆರಡೂ ಬೇರೆ ಬೇರೆ ಸರ್ವರು, ಸುಮ್ಮನೆ ಬಿಟ್ಟುಬಿಡುತ್ತೆ. ಅಷ್ಟೆಲ್ಲ ಗದರಿಸಿ ಕೊನೆಗೆ ಇಷ್ಟಕ್ಕೆ ಮರುಳಾಗೋದು ನೋಡಿದರೆ ನಗು ಬರುತ್ತೆ ಅಲ್ವಾ?

1398 ಅಂತ ಬಂದರೆ ಮಾತ್ರ ಪಾಸ್‌ವರ್ಡನ್ನ ಬೈಯಬೇಡಿ, ಗಡಿಯಾರ ನೋಡಿ. ಕೆರ್ಬೆರೋಸ್ ಅನ್ನೋ ಕಾವಲುಗಾರ ಎರಡು ಮೆಷೀನುಗಳ ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಸಹಿಸೋದಿಲ್ಲ. ಇಲ್ಲೂ ಐದೇ! ಹಳೇ ಲ್ಯಾಬಿನ ಮೆಷೀನುಗಳಲ್ಲಿ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ, ಅದೇ ಸಿಆರ್2032, ಯಾವತ್ತೋ ಪ್ರಾಣ ಬಿಟ್ಟಿರುತ್ತೆ. ಪ್ಲಗ್ಗು ಕಿತ್ತು ಹಾಕಿದಾಗೆಲ್ಲ ಮೆಷೀನು ತನ್ನ ಬಾಲ್ಯಕ್ಕೆ ಓಡಿಹೋಗಿ, ಯಾವುದೋ ಹಳೇ ಜನವರಿ ಒಂದನೇ ತಾರೀಖಿನಲ್ಲಿ ಕೂತಿರುತ್ತೆ. ಆ ಹುಡುಗನ ಲ್ಯಾಬಿನಲ್ಲೂ ಒಂದು ಹಾಗೇ ಇತ್ತಂತೆ. ಪರೀಕ್ಷೆಯ ಹೊತ್ತಿಗೆ ಮಕ್ಕಳ ಫೈಲಿನ ತಾರೀಖು ನೋಡಿದರೆ ಅವರು ಹುಟ್ಟೋಕೆ ಮುಂಚೆಯೇ ಪ್ರೋಗ್ರಾಮು ಬರೆದು ಮುಗಿಸಿದ್ದರಂತೆ. ಎಂಥ ಪ್ರತಿಭೆ! ಇರಲಿ, ಬಿಲ್ಲೆ ಬದಲಾಯಿಸಿ ಟೈಮು ಸರಿ ಮಾಡಿದ ಮೇಲೆ ಅದೇ ಪಾಸ್‌ವರ್ಡಿಗೆ ಅದೇ ಸರ್ವರು ಬಾಗಿಲು ತೆಗೀತು.

ಮೆಷೀನಿಲ್ಲದೆ ಹೈಪರ್-ವಿ ಒಳಗೆ ಇಮೇಜು ತಯಾರು ಮಾಡೋ ಬುದ್ಧಿವಂತರಿಗೂ ಬಿಡುಗಡೆಯಿಲ್ಲ. ವರ್ಚುವಲ್ ಡಿಸ್ಕಿನ ಫೈಲನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಟ್ಟು ಸ್ಟಾರ್ಟ್ ಒತ್ತಿದರೆ, ‘ಜನರಲ್ ಆ್ಯಕ್ಸೆಸ್ ಡಿನೈಡ್’, ಮತ್ತೆ ಅದೇ 80070005. ನೀವು ಅಡ್ಮಿನ್, ಫೈಲು ನಿಮ್ಮದು, ಸರಿ. ಆದರೆ ಫೈಲನ್ನ ತೆಗೆಯೋಕೆ ಬಂದಿರೋದು ನೀವಲ್ಲ, ಆ ವರ್ಚುವಲ್ ಮೆಷೀನು! ಪ್ರತಿಯೊಂದು ವರ್ಚುವಲ್ ಮೆಷೀನಿಗೂ ತನ್ನದೇ ಅಕೌಂಟು ಇದೆ, ಉದ್ದಕ್ಕೆ ರೈಲು ಬೋಗಿಯಷ್ಟು ನಂಬರಿನ ಹೆಸರು. ಆ ಹೆಸರಿಗೆ ಡಿಸ್ಕಿನ ಮೇಲೆ ಅನುಮತಿ ಕೊಟ್ಟರೆ ತೆಪ್ಪಗೆ ಏಳುತ್ತೆ. ಇಲ್ಲದ ಮೆಷೀನಿಗೂ ಇರೋ ಗುರುತುಚೀಟಿ ನೋಡಿ!

ನಕಲಿಗೆ ಮುಂಚೆ ಮೆಷೀನಿನ ಸ್ವಂತ ಗುರುತು ಅಳಿಸೋ ಸಿಸ್‌ಪ್ರೆಪ್ಪಿನದ್ದೂ ಇದೇ ರಾಗ. ಮೊದಲ ಸಲ ಮೆಷೀನು ಎದ್ದಾಗ ಕಂಟ್ರೋಲ್, ಶಿಫ್ಟ್, ಎಫ್3 ಒತ್ತಿ ಆಡಿಟ್ ಮೋಡಿಗೆ ಹೋದರೆ, ವಿಂಡೋಸಿನ ಹುಟ್ಟು ಅಡ್ಮಿನಿಸ್ಟ್ರೇಟರ್ ಅಕೌಂಟಿನಲ್ಲಿ ಕೆಲಸ. ಅವನಿಗೆ ಯುಎಸಿಯ ಕಾಟವೂ ಇಲ್ಲ, ಏನು ಮಾಡಿದರೂ ಸೈ. ಅಲ್ಲಿ ಎಲ್ಲ ಸರಿಯಾಗಿ ನಡೆದಿದ್ದು ನಾಳೆ ಮಕ್ಕಳು ಲಾಗಿನ್ ಆದಾಗ ಮೊಂಡು ಹಿಡಿದರೆ ಆಶ್ಚರ್ಯ ಏನು, ಸಿದ್ಧ ಮಾಡಿದವನು ಬೇರೆ, ಬಂದವನು ಬೇರೆ. ಸಾಮಾನ್ಯ ಲಾಗಿನ್ನಿನಲ್ಲಿ ಸಿದ್ಧ ಮಾಡೋರಿಗೆ ಇನ್ನೊಂದು ಕಂಟಕ. ಸ್ಟೋರಿನಿಂದ ಯಾವುದೋ ಆ್ಯಪು ಆ ಒಬ್ಬ ಯೂಸರಿಗೆ ಮಾತ್ರ ಅಪ್‌ಡೇಟ್ ಆಗಿ ಕೂತಿರುತ್ತೆ. ಸಿಸ್‌ಪ್ರೆಪ್ ಮುಖ ಗಂಟಿಕ್ಕಿ ‘ಫೇಟಲ್ ಎರರ್’ ಅಂದುಬಿಡುತ್ತೆ. ಕಾರಣವನ್ನ ‘ಪ್ಯಾಂಥರ್’ ಅನ್ನೋ ಫೋಲ್ಡರಿನ ಲಾಗಿನಲ್ಲಿ ಬರೆದಿಟ್ಟಿರುತ್ತೆ: ಇದು ಒಬ್ಬರಿಗಿದೆ, ಎಲ್ಲರಿಗೂ ಇಲ್ಲ ಅಂತ. ಆ ಆ್ಯಪನ್ನ ತೆಗೆದು ಮುಂದಕ್ಕೆ ಹೋಗಬೇಕು. ಸಿದ್ಧ ಮಾಡುವಾಗ ಇಂಟರ್ನೆಟ್ ಕಿತ್ತಿಟ್ಟರೆ ಅರ್ಧ ಪೀಡೆ ತಪ್ಪುತ್ತೆ.

ಸಿಸ್‌ಪ್ರೆಪ್ ಯಾಕೆ ಬೇಕು, ಹಾಗೇ ನಕಲು ಹೊಡೆದರೆ ಏನಾಗುತ್ತೆ ಅಂತ ಒಂದು ಹಳೇ ಜಗಳ ಇತ್ತಲ್ಲ? ಹಾಗೆ ಮಾಡಿದರೆ ಎಲ್ಲ ಮೆಷೀನಿಗೂ ಒಂದೇ ಎಸ್‌ಐಡಿ, ಅಂದರೆ ಗುರುತಿನ ಸಂಖ್ಯೆ, ಬರುತ್ತೆ, ಅನುಮತಿಗಳೆಲ್ಲ ಗೋಜಲಾಗುತ್ತೆ ಅಂತ ಹೆದರಿಸೋರು. ಎಸ್‌ಐಡಿ ಬದಲಾಯಿಸೋಕೆ ನ್ಯೂಸಿಡ್ ಅಂತ ಒಂದು ಸಾಧನವೂ ಇತ್ತು, ಮಾರ್ಕ್ ರುಸಿನೋವಿಚ್ ಬರೆದಿದ್ದು. 2009ರಲ್ಲಿ ಅದೇ ಮನುಷ್ಯ ಕೂತು ಯೋಚನೆ ಮಾಡಿ, ಮೆಷೀನುಗಳ ಎಸ್‌ಐಡಿ ಒಂದೇ ಆದರೆ ತೊಂದರೆ ಅನ್ನೋದೇ ಕಟ್ಟುಕತೆ ಅಂತ ಬರೆದು, ತನ್ನ ಸಾಧನಕ್ಕೆ ತಾನೇ ಎಳ್ಳುನೀರು ಬಿಟ್ಟ. ಸಿಸ್‌ಪ್ರೆಪ್ ಮಾಡೋದು ಮೈಕ್ರೋಸಾಫ್ಟಿನ ಅಧಿಕೃತ ನಿಯಮ, ಅದನ್ನ ಬಿಡಬೇಡಿ ಅಂತಲೂ ಹೇಳಿದ್ದ, ಆದರೆ ಜನ ತಮಗೆ ಬೇಕಾದಷ್ಟನ್ನ ಮಾತ್ರ ಕೇಳಿಸಿಕೊಂಡರು. ಕಾಲ ಕಳೀತು. 2025ರ ಆಗಸ್ಟ್ ಕೊನೆಯಿಂದ ಬಂದ ಅಪ್‌ಡೇಟುಗಳು ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ, ಸರ್ವರ್ 2025ರಲ್ಲಿ ಎಸ್‌ಐಡಿ ತನಿಖೆ ಬಿಗಿ ಮಾಡಿದವು. ಸಿಸ್‌ಪ್ರೆಪ್ ಇಲ್ಲದೆ ನಕಲಾದ ಮೆಷೀನುಗಳು ಒಂದು ಇನ್ನೊಂದರ ಶೇರಿಗೆ ಹೋಗೋಕೆ, ರಿಮೋಟ್ ಡೆಸ್ಕ್‌ಟಾಪಿಗೆ ಸೇರೋಕೆ ಆಗದೆ ಬಾಗಿಲಲ್ಲೇ ನಿಂತವು. ಪಾಸ್‌ವರ್ಡು ಸರಿ ಇದ್ದರೂ ಊಹೂಂ. ಹದಿನಾರು ವರ್ಷ ಕಟ್ಟುಕತೆ ಅನ್ನಿಸಿಕೊಂಡದ್ದು ರಾತ್ರೋರಾತ್ರಿ ನಿಜ ಆಗಿಹೋಯಿತು ನೋಡಿ! ಯಾರು ನೀನು ಅಂತ ಕೇಳಿದಾಗ ಎರಡು ಮೆಷೀನು ಒಂದೇ ಹೆಸರು ಹೇಳಿದರೆ ವಿಂಡೋಸು ತಾನೇ ಏನು ಮಾಡಬೇಕು?

ಹಾಗಾದರೆ ಐದು ಬಂದಾಗ ಏನು ಮಾಡೋದು ಅಂತೀರಾ? ಊಹೆ ಮಾಡೋದಕ್ಕಿಂತ ಕೇಳೋದು ವಾಸಿ. ವಿಂಡೋಸಿನ ಲಾಗ್ಸ್ ಫೋಲ್ಡರಿನಲ್ಲಿ ಡಿಸ್ಮಿನ ಲಾಗು ಇದೆ, ಕೊನೆಯಿಂದ ಮೇಲಕ್ಕೆ ಓದಿಕೊಂಡು ಹೋಗಿ. ಅದಕ್ಕೂ ಬಗ್ಗದಿದ್ದರೆ ಪ್ರಾಸೆಸ್ ಮಾನಿಟರ್ ಹಚ್ಚಿ, ಇದೂ ರುಸಿನೋವಿಚ್ ಬಳಗದ್ದೇ. ‘ಆ್ಯಕ್ಸೆಸ್ ಡಿನೈಡ್’ ಇರೋ ಸಾಲುಗಳನ್ನ ಮಾತ್ರ ಸೋಸಿ ನೋಡಿದರೆ ಯಾವ ಪ್ರೋಗ್ರಾಮು, ಯಾವ ಫೈಲಿಗೆ, ಯಾರ ಹೆಸರಿನಲ್ಲಿ ಹೋಗಿ ಪೆಟ್ಟು ತಿಂತು ಅಂತ ಮೂರೂ ಒಂದೇ ಸಾಲಿನಲ್ಲಿ ಸಿಗುತ್ತೆ. ಆಮೇಲೆ ಕೊಡಬೇಕಾದ್ದು ಒಂದು ಚಿಟಿಕೆ ಅನುಮತಿ, ಆ ಒಬ್ಬರಿಗೆ, ಆ ಒಂದು ಜಾಗಕ್ಕೆ.

ಆದರೆ ನಮ್ಮ ಜನ ಮಾಡೋದು ಬೇರೆ, ನಿಮಗೂ ಗೊತ್ತು. ಸಂಜೆ ಆಗಿರುತ್ತೆ, ಪ್ರಿನ್ಸಿಪಾಲರು ಎರಡು ಸಲ ಇಣುಕಿ ಹೋಗಿರುತ್ತಾರೆ. ಯಾರು ಕೇಳ್ತಿದಾರೆ ಅಂತ ಹುಡುಕೋ ತಾಳ್ಮೆ ಎಲ್ಲಿಂದ ಬರಬೇಕು? ‘ಎವ್ರಿವನ್, ಫುಲ್ ಕಂಟ್ರೋಲ್’ ಅಂತ ಒಂದು ಟಿಕ್ ಹಾಕಿ, ಕೆಲಸ ಮುಗಿಸಿ, ‘ನಾಳೆ ಬಂದು ತೆಗೀತೀನಿ’ ಅಂತ ಗಾಡಿ ಹತ್ತೋದು. ಆ ನಾಳೆ ಬಂದ ಇತಿಹಾಸ ಇಲ್ಲ. ಇಮೇಜು ಹಳತಾಗಿ ಹೊಸದು ಬರುತ್ತೆ, ಸರ್ವರು ಬದಲಾಗುತ್ತೆ, ಟಿಕ್ ಹಾಕಿದವರೇ ಬೇರೆ ಊರಿಗೆ ವರ್ಗವಾಗಿ ಹೋಗಿರುತ್ತಾರೆ. ‘ಟೆಂಪ್’ ಅಂತ ಹೆಸರಿಟ್ಟ ಆ ಶೇರು ಮಾತ್ರ ಹೊಸ ಸರ್ವರಿಗೂ ಹಾಗೇ ನಕಲಾಗಿ, ಎಲ್ಲರಿಗೂ ಪೂರಾ ಅಧಿಕಾರ ಕೊಟ್ಟುಕೊಂಡು ಕೂತಿರುತ್ತೆ. ನಿಮ್ಮ ಆಫೀಸಿನಲ್ಲೂ ಅಂಥದ್ದೊಂದು ಇದ್ದೇ ಇದೆ, ಅಲ್ವಾ? ಇಲ್ಲ ಅನ್ನಬೇಡಿ. ಸೋಮವಾರ ಹೋಗಿ ನೋಡಿ, ಆಮೇಲೆ ಮಾತಾಡೋಣ.